ಗಾಳೆವ್ವನ ಕೈಗೆ ಹಚ್ಚಿದ ಮುಲಾಮು

ಹೊಳೆಯ ದಂಡೆಯ ಸಣ್ಣದೊಂದು ಆಶ್ರಮದಲ್ಲಿ ಅಡವಯ್ಯಜ್ಜ ಎಂಬ ಗುರು ಇದ್ದರು. ಒಡೆದ ಹಿಮ್ಮಡಿಗೆ, ಬಿರಿದ ಕೈಗೆ, ಸುಟ್ಟ ಚರ್ಮಕ್ಕೆ ಮುಲಾಮು ಕಾಯಿಸಿ ಕೊಡುವುದೇ ಅವರ ಪೂಜೆ. ಬೇರೆ ಪೂಜೆ ಮಾಡಿದ್ದನ್ನು ಯಾರೂ ಹೆಚ್ಚು ನೋಡಿರಲಿಲ್ಲ.

ಶಿಷ್ಯ ಏಕೋರಾಮ ಅವರ ಬಳಿ ಏಳು ವರ್ಷ ಕಳೆದಿದ್ದ; ಊರವರ ಬಾಯಲ್ಲಿ ಅವನು ಮರಿದೇವರು. ಬರುವ ಹುಣ್ಣಿಮೆಗೆ ಗುರುವಿನ ಅಪ್ಪಣೆ ಪಡೆದು ಆಚೆ ದಂಡೆಯಲ್ಲಿ ತನ್ನದೇ ಕುಟೀರ ಕಟ್ಟುವವನಿದ್ದ. ಅಪ್ಪಣೆ ಸಿಕ್ಕೇ ಸಿಗುತ್ತದೆಂದು ಬಿದಿರು ಕೂಡ ಕಡಿದಿಟ್ಟಿದ್ದ.

ಅಜ್ಜನ ಮುಲಾಮಿನಲ್ಲಿ ಇರುತ್ತಿದ್ದದ್ದು ಎಳ್ಳೆಣ್ಣೆ, ಜೇನುಮೇಣ, ಚಿಟಿಕೆ ಅರಿಶಿನ, ಒಂದಿಷ್ಟು ಬೇವಿನ ಚಿಗುರು. ನೋಡಲು ಮಾಸಲು ಹಳದಿ, ವಾಸನೆಯೂ ಹೇಳಿಕೊಳ್ಳುವಂಥದ್ದಲ್ಲ. ಏಕೋರಾಮನಿಗೆ ಇದು ಬಹಳ ದಿನದ ಕೊರಗು.

ಅಜ್ಜ ಮೂರು ದಿನ ಬೇರೆ ಊರಿಗೆ ಹೋದಾಗ ಅವನು ಒಲೆ ಹೊತ್ತಿಸಿದ. ಎಣ್ಣೆ, ಮೇಣ, ಅರಿಶಿನ, ಬೇವು ಎಲ್ಲವೂ ಗುರುವಿನ ಅಳತೆಯಲ್ಲೇ ಬಿದ್ದವು. ಆಮೇಲೆ ತನ್ನ ಲೆಕ್ಕದ್ದೂ ಬಿತ್ತು. ಒಂದು ಹಿಡಿ ಕರ್ಪೂರ, ಧಾರಾಳವಾಗಿ ಲವಂಗದ ಎಣ್ಣೆ.

ಆಶ್ರಮದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾವ ಮುಲಾಮೇ ಆಗಲಿ, ಮೊದಲು ಕಾಯಿಸಿದವನ ತೋಳಿನ ಮೇಲೆ ಒಂದು ಹಗಲು, ಒಂದು ರಾತ್ರಿ ಇರಬೇಕು. ಆಮೇಲೆಯೇ ಇನ್ನೊಬ್ಬರ ಮೈಗೆ.

ಏಕೋರಾಮ ಆ ನೇಮವನ್ನು ಚಾಚೂ ತಪ್ಪದೆ ಪಾಲಿಸಿದ. ತೋಳು ತಣ್ಣಗಾಯಿತು, ಘಮಘಮಿಸಿತು. ತನ್ನ ತೋಳನ್ನು ತಾನೇ ನಾಲ್ಕಾರು ಸಲ ಮೂಸಿ ನೋಡಿಕೊಂಡ.

ಮೂರನೆಯ ಬೆಳಿಗ್ಗೆ ಮಡಿವಾಳರ ಗಾಳೆವ್ವ ಬಂದಳು. ಊರಿನ ಬಟ್ಟೆಯನ್ನೆಲ್ಲ ಚೌಳು ಮಣ್ಣು ಹಾಕಿ ಒಗೆದು ಒಗೆದು ಅವಳ ಅಂಗೈ ಬೇಸಿಗೆಯ ಕೆರೆಯಂತೆ ಬಿರಿದಿತ್ತು.

"ಅಜ್ಜಾರು ಇಲ್ಲೇನ್ರಿ, ಮರಿದೇವರ?"

"ನಾ ಇದ್ದೇನಲ್ಲ, ಯಕ್ಕಾ. ಕೈ ಚಾಚು."

ಅವಳ ಎರಡೂ ಅಂಗೈಗೆ ದಪ್ಪಗೆ ಮುಲಾಮು ಬಳಿದು ಬಟ್ಟೆ ಸುತ್ತಿ ಕಳಿಸಿದ. ದಾರಿಯುದ್ದಕ್ಕೂ ಅವಳ ಹಿಂದೆ ಘಮ ಹೋಯಿತು.

ಮಧ್ಯಾಹ್ನ ಗಾಳೆವ್ವ ತಿರುಗಿ ಬಂದಳು. ಅಷ್ಟರಲ್ಲಿ ಅಜ್ಜನೂ ಊರಿನಿಂದ ಬಂದು ಕಾಲು ತೊಳೆಯುತ್ತಿದ್ದರು. ಅವಳ ಕೈ ಕೆಂಪಗೆ ಊದಿಕೊಂಡಿತ್ತು, ಬಿರುಕಿನ ಅಂಚೆಲ್ಲ ಬೊಬ್ಬೆ ಎದ್ದಿತ್ತು.

"ಕೈಯಾಗ ಕೆಂಡ ಹಿಡಿದಂಗ ಆತ್ರಿ, ಅಜ್ಜಾರ," ಎಂದಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಏಕೋರಾಮನ ಕಡೆ ಬೆರಳು ಮಾಡಲೂ ಇಲ್ಲ.

ಅಜ್ಜ ಅವಳ ಕೈಯನ್ನು ತಣ್ಣೀರಿನಲ್ಲಿ ತೊಳೆದು, ಬರೀ ತುಪ್ಪ ಸವರಿದರು. "ತಾಯಿ, ತಪ್ಪು ನಮ್ಮ ಮನೀದು," ಎಂದರು.

ಏಕೋರಾಮ ತನ್ನ ತೋಳು ಮುಂದೆ ಚಾಚಿದ. "ಅಜ್ಜಾರ, ನೇಮ ತಪ್ಪಿಲ್ರಿ. ಒಂದು ಹಗಲು, ಒಂದು ರಾತ್ರಿ ನನ್ನ ತೋಳಿಗೆ ಹಚ್ಕೊಂಡಿದ್ದೆ. ನನಗೇನೂ ಆಗಲಿಲ್ರಿ."

ಅಜ್ಜ ಅವನ ತೋಳು ನೋಡಿದರು. ನುಣುಪಾಗಿತ್ತು, ಒಂದು ಗೀರೂ ಇರಲಿಲ್ಲ.

ಅವರು ಗಾಳೆವ್ವನನ್ನು ಕೇಳಿದರು. "ಕೈ ಮಾಯೂತನಕ ಅರಿವಿ ಯಾರು ಒಗೀತಾರ?"

"ಯಾರದಾರ್ರಿ ನನಗ? ಬಾಣಂತಿ ಮನೀ ಗಂಟು ಹಂಗ ಬಿದ್ದೈತಿ. ನಾ ಒಗೀಲಿಲ್ಲಂದ್ರ ಮನ್ಯಾಗ ಒಲಿ ಹತ್ತಂಗಿಲ್ಲ."

ಅಜ್ಜ ಶಿಷ್ಯನ ಕಡೆ ತಿರುಗಿದರು. "ಹೋಗು, ಗಂಟು ಹೊರು."

"ಎಷ್ಟು ದಿನ್ರಿ?"

"ಆಕಿ ಕೈ ಹೇಳ್ತೈತಿ."

ಕಾವಿ ಉಟ್ಟವನು ಬಟ್ಟೆಯ ಗಂಟು ಹೊತ್ತು ಬರುವುದನ್ನು ಕಂಡು ಹೊಳೆಗೆ ಬಂದ ಹೆಂಗಸರು ಮಾತು ನಿಲ್ಲಿಸಿದರು. ಏಕೋರಾಮನಿಗೆ ನಾಚಿಕೆಯಾಯಿತು. ತಲೆಯ ಮೇಲಿನ ಗಂಟು ಮುಖಕ್ಕೆ ಮರೆಯಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಗಾಳೆವ್ವ ದಂಡೆಯ ಮೇಲೆ ಕುಳಿತು ಹೇಳಿಕೊಟ್ಟಳು. "ಹಂಗ ಬಡೀಬ್ಯಾಡ್ರಿ, ಅರಿವಿ ಹರೀತಾವು. ಚೌಳು ಇನ್ನಷ್ಟು ತಿಕ್ರಿ."

ನಾಲ್ಕನೆಯ ದಿನಕ್ಕೆ ಅವನ ಬೆರಳಿನ ಸಂದು ಕೆಂಪಾಯಿತು. ಎಂಟನೆಯ ದಿನಕ್ಕೆ ಅಂಗೈ ಬಿರಿಯಿತು. ಊಟದ ತುತ್ತಿನ ಉಪ್ಪು ತಗುಲಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಗಾಳೆವ್ವ ಎಷ್ಟು ವರ್ಷ ಇದೇ ಕೈಯಲ್ಲಿ ಉಂಡಳೋ ಎಂದು ಮೊದಲ ಬಾರಿಗೆ ಅವನಿಗೆ ಹೊಳೆಯಿತು.

ಒಂಬತ್ತನೆಯ ದಿನ ಅವನು ತನ್ನದೇ ಮುಲಾಮಿನ ಡಬ್ಬಿ ತೆಗೆದು, ಯಾರಿಗೂ ಹೇಳದೆ ಅಂಗೈಗೆ ಬಳಿದುಕೊಂಡ.

ಬಳಿದುಕೊಂಡವನು ಹೊಳೆಗೆ ಓಡಿದ. ನೀರಿನಲ್ಲಿ ಕೈ ಅದ್ದಿ ಕುಳಿತರೂ ಉರಿ ನಿಲ್ಲಲಿಲ್ಲ. ಇಷ್ಟು ಉರಿಯನ್ನು ಆ ಹೆಂಗಸು ಒಂದು ಬೈಗುಳವನ್ನೂ ಆಡದೆ ನುಂಗಿಕೊಂಡಿದ್ದಳು. ಅದನ್ನು ನೆನೆದು ಏಕೋರಾಮ ಅತ್ತ.

ಹಾಗೆಯೇ ಆಶ್ರಮಕ್ಕೆ ಬಂದಾಗ ಅಜ್ಜ ಒಲೆಯ ಮುಂದೆ ಕುಳಿತಿದ್ದರು. ಹೊಸ ಮುಲಾಮು ಆರುತ್ತಿತ್ತು. ಅವರು ಎಡತೋಳಿನ ಮೇಲಿನ ಶಾಲು ಸರಿಸಿ, ಒಂದು ಜಾಲಿಮುಳ್ಳು ತೆಗೆದು, ಚರ್ಮದ ಮೇಲೆ ಬೆರಳುದ್ದ ಗೀರಿದರು. ರಕ್ತ ಒಸರಿತು. ಅದರ ಮೇಲೆ ಮುಲಾಮು ಸವರಿದರು.

ಆ ತೋಳಿನ ತುಂಬ ಬಿಳಿ ಗೆರೆಗಳು. ಏಕೋರಾಮ ಏಳು ವರ್ಷ ಅವನ್ನು ನೋಡಿದ್ದ. ಬೇರು ನಾರು ಹುಡುಕುವಾಗ ಪೊದೆಗೆ ತಗುಲಿ ಆದವು ಅಂದುಕೊಂಡಿದ್ದ.

"ಅಜ್ಜಾರ, ಇದನ್ನ ನನಗ ಯಾಕ ಹೇಳಲಿಲ್ರಿ?"

"ಏಳು ವರ್ಷ ನನ್ನ ಕೈ ನೋಡಿದಿ. ಒಂದು ದಿನನಾದ್ರೂ ಕೇಳಿದೇನು?"

ಏಕೋರಾಮ ತನ್ನ ಡಬ್ಬಿಯನ್ನು ಬೂದಿಗುಂಡಿಗೆ ಸುರಿದ. ಮತ್ತೆ ಎಣ್ಣೆ ಕಾಯಿಸಿ, ಮೇಣ ಕರಗಿಸಿ, ಗುರುವಿನ ಅಳತೆಯ ಅರಿಶಿನ, ಬೇವು ಬಿಟ್ಟರೆ ಬೇರೇನನ್ನೂ ಹಾಕದೆ ಇಳಿಸಿದ. ತನ್ನ ಅಂಗೈಯ ಬಿರುಕಿಗೇ ಅದನ್ನು ತುಂಬಿ ಒಂದು ಹಗಲು, ಒಂದು ರಾತ್ರಿ ಕಾದ. ಉರಿಯಲಿಲ್ಲ. ಬಿರುಕು ಮೆತ್ತಗಾಯಿತು.

ಅಷ್ಟರಲ್ಲಿ ಹುಣ್ಣಿಮೆ ಬಂದು ಹೋಗಿತ್ತು. ಅವನು ಗಮನಿಸಿರಲಿಲ್ಲ.

ಬೆಳಿಗ್ಗೆ ಮುಲಾಮು ಹಿಡಿದು ಹೊಳೆಗೆ ಹೋದ. ಅಜ್ಜನೂ ಕೋಲೂರಿಕೊಂಡು ಹಿಂದೆಯೇ ನಡೆದರು. ಗಾಳೆವ್ವನ ಕೈಯ ಬೊಬ್ಬೆಗಳು ಅಡಗಿದ್ದವು, ಹಳೆಯ ಬಿರುಕುಗಳು ಹಾಗೇ ಇದ್ದವು. ಡಬ್ಬಿ ಕಂಡದ್ದೇ ಅವಳು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇದೂ ಉರೀತೈತೇನ್ರಿ, ಮರಿದೇವರ?"

ಏಕೋರಾಮ ಡಬ್ಬಿ ಕೆಳಗಿಟ್ಟ. ತನ್ನ ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದ. ಬಿರುಕಿನ ತುಂಬ ಆ ಮುಲಾಮೇ ಇತ್ತು.

ಗಾಳೆವ್ವ ಬಹಳ ಹೊತ್ತು ಆ ಕೈ ನೋಡಿದಳು. ಆಮೇಲೆ ಸೆರಗಿನಿಂದ ತನ್ನ ಕೈ ಹೊರಗೆ ತೆಗೆದು ಚಾಚಿದಳು.

ಅವನು ಹಚ್ಚಿದ. ಅವಳು ಕಣ್ಣು ಮುಚ್ಚಿ ಕಾದಳು. ಸ್ವಲ್ಪ ಹೊತ್ತಿಗೆ ಬಿಗಿಹಿಡಿದಿದ್ದ ಹೆಗಲು ಇಳಿಸಿದಳು.

"ತಂಪೈತಿ," ಎಂದಳು.

ಆಶ್ರಮಕ್ಕೆ ಮರಳುವ ದಾರಿಯಲ್ಲಿ ಏಕೋರಾಮ ಗುರುವಿನ ಕಾಲು ಮುಟ್ಟಿದ. ಅಪ್ಪಣೆ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಅಜ್ಜನೇ ಕೇಳಿದರು.

"ಆಚಿ ದಂಡಿಗೆ ಯಾವಾಗ ಹೋಗ್ತಿ?"

"ನೀವು ಹೂಂ ಅಂದ್ರ, ಆಕಿ ಕೈ ಪೂರ್ತಿ ಮಾದ ಮ್ಯಾಲೆ ಹೋಗ್ತೇನ್ರಿ. ಅಷ್ಟೊತ್ತಿಗೆ ನನ್ನ ಕೈಯೂ ಮಾದಿರ್ತೈತಿ."

ಅಜ್ಜ ಅವನ ಅಂಗೈ ಹಿಡಿದು ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದರು.

"ಹೋಗಿ ಬಾ," ಎಂದರು. "ಒಂದು ಬಿರುಕು ಮಾತ್ರ ಉಳಿಸ್ಕೋ."