ಕಾಳಮ್ಮನ ತಂಬಿಗೆ

"ಪಾತ್ರೆ ಉಜ್ಜುವ ಕೈಗೆ ಅಕ್ಷರ ಹತ್ತುವುದಿಲ್ಲ" ಎಂದವನು ಪಾತ್ರೆ ಅಂಗಡಿಯ ಸಾಹುಕಾರ ಗುರುಶಾಂತಪ್ಪ.

"ಹೆಂಗಸು ಹಾಕಿಸಿದ ಪಾಯದ ಮೇಲೆ ಸೂರು ನಿಲ್ಲುವುದಿಲ್ಲ" ಎಂದವನು ಗಂಡನ ಅಣ್ಣ ಹುಚ್ಚೇಗೌಡ.

ಪಾತ್ರೆ ಉಜ್ಜುತ್ತಿದ್ದ ದೇವೀರಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ಅಕ್ಷರ ಕಲಿತಳು. ಸ್ವಂತ ಅಂಗಡಿ ಇಟ್ಟಳು. ಮನೆ ಕಟ್ಟಿಸಿದಳು. ಗೃಹಪ್ರವೇಶದ ದಿನ ಇಬ್ಬರನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿ, ಬೇಡ ಬೇಡವೆಂದರೂ ಎರಡೆರಡು ಸಲ ಪಾಯಸ ಬಡಿಸಿದಳು.

ಆ ಮನೆಯ ನಡುಮನೆಯಲ್ಲಿ ಮೂರು ಗೋಡೆಗೂ ಹಲಗೆ. ಹಲಗೆಯ ಮೇಲೆಲ್ಲ ಹಳೆಯ ಪಾತ್ರೆ. ಲೋಟ, ಚೊಂಬು, ಬೋಗುಣಿ, ತಟ್ಟೆ, ಕೊಳಗ. ಒಟ್ಟು ಇನ್ನೂರ ಹನ್ನೊಂದು.

ಒಂದೊಂದರ ಮೇಲೂ ಯಾರದೋ ಹೆಸರು ಕೊರೆದಿತ್ತು. "ರಂಗಾಜಮ್ಮನ ನೆನಪಿಗೆ." "ಪುಟ್ಟಲಕ್ಷ್ಮಿಗೆ ಸೋದರಮಾವನ ಉಡುಗೊರೆ." ಒಂದು ಕೊಳಗದ ಮೇಲೆ, "ಬೋರಯ್ಯ. ಕದ್ದವರು ಕೆಟ್ಟರು."

ಅವರಲ್ಲಿ ಒಬ್ಬರೂ ದೇವೀರಮ್ಮನ ನೆಂಟರಲ್ಲ.

"ಅಕ್ಕ, ನಿಮ್ಮನೆಗೆ ಕಳ್ಳ ಬಿದ್ರೆ ಪೊಲೀಸಿನೋರು ಯಾರ್ಯಾರ ಮನೆಗೆ ಹೋಗಿ ಹೇಳ್ಬೇಕು?" ಎಂದು ಪಕ್ಕದ ಮನೆಯ ಜವರಮ್ಮ ಕೇಳುತ್ತಿದ್ದಳು.

"ನೀನು ಓದೋಕೆ ಕಲಿ. ಆಮೇಲೆ ಪಟ್ಟಿ ಬರಕೊಡುವಂತೆ," ಎನ್ನುತ್ತಿದ್ದಳು ದೇವೀರಮ್ಮ.

ಅವಳು ಓದು ಕಲಿತದ್ದೇ ಈ ಪಾತ್ರೆಗಳಿಂದ. ಗುರುಶಾಂತಪ್ಪನ ಅಂಗಡಿಗೆ ಜನ ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಲು ಬರುತ್ತಿದ್ದರು. ಹಳೆಯದನ್ನು ಹುಣಸೆಹಣ್ಣು ಹಚ್ಚಿ ಉಜ್ಜುವುದು ದೇವೀರಮ್ಮನ ಕೆಲಸ.

ಒಂದು ದಿನ ಒಬ್ಬಳು ಹಿತ್ತಾಳೆ ತಂಬಿಗೆಯೊಂದನ್ನು ಕೊಟ್ಟು, "ಇದು ನಮ್ಮತ್ತೆ ಕಾಳಮ್ಮಂದು" ಎಂದು ಹೋದಳು. ಉಜ್ಜಿದಾಗ ಕಿಲುಬಿನಡಿಯಿಂದ ಮೂರು ಅಕ್ಷರ ಎದ್ದವು. ದೇವೀರಮ್ಮ ಒಂದೊಂದರ ಮೇಲೂ ಬೆರಳಿಟ್ಟು, ಕೇಳಿದ ಹೆಸರನ್ನು ಹೇಳಿಕೊಂಡಳು. ಕಾ. ಳ. ಮ್ಮ.

ಆ ತಿಂಗಳ ಸಂಬಳಕ್ಕೆ ಬದಲು ಆ ತಂಬಿಗೆಯನ್ನೇ ಕೇಳಿ ಪಡೆದಳು. ಆಮೇಲೆ ಹೆಸರಿದ್ದ ಪಾತ್ರೆ ಕಂಡಾಗಲೆಲ್ಲ ದುಡ್ಡು ಕೊಟ್ಟು ತಂದು ಓದಿದಳು; ಹಲಗೆಯ ಮೇಲೆ ಮೊದಲ ಜಾಗ ಮಾತ್ರ ಈ ತಂಬಿಗೆಯದು.

ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಒಂದು ಶನಿವಾರ, ಹೊಳೆಯಾಚೆಯ ಊರಿನಿಂದ ಒಬ್ಬ ಹೆಂಗಸು ಈ ಪಾತ್ರೆಗಳ ಸುದ್ದಿ ಕೇಳಿ ಬಂದಳು. ಹೆಸರು ಸಾಕಮ್ಮ. ಹಲಗೆಯ ಮುಂದೆ ನಿಂತು ಮೊದಲ ತಂಬಿಗೆಗೆ ಬೆರಳು ತೋರಿಸಿದಳು.

"ಅಕ್ಕ, ಅದು ನಮ್ಮವ್ವಂದು."

"ಅದು ನನ್ನದು. ದುಡಿದು ತಗೊಂಡಿದ್ದು."

"ಇಲ್ಲ ಅಂದವರ್ಯಾರು? ನಮ್ಮತ್ತಿಗೆ ನಮಗೆ ಹೇಳದೇ ಅಂಗಡಿಗೆ ಹಾಕಿಬಿಟ್ಟಳು. ನಂಗೆ ಧಾರೆ ಎರೆದದ್ದು ಇದರಲ್ಲೇ ಅಕ್ಕ. ನಾಳೆ ಬಿಟ್ಟು ಬರೋ ಭಾನುವಾರ ನನ್ನ ಮಗಳ ಧಾರೆ. ನಮ್ಮವ್ವಂದು ಒಂದು ಫೋಟೋನೂ ಇಲ್ಲ. ಅವಳ ಹೆಸರು ಬರೆದಿರೋದು ಲೋಕದಲ್ಲಿ ಅಲ್ಲೊಂದೇ."

"ನಾನು ಓದಿದ ಮೊದಲ ಹೆಸರೂ ಅದೇ ಕಣಮ್ಮ," ಎಂದಳು ದೇವೀರಮ್ಮ. "ಇದೇ ಅಳತೆಯ ಹೊಸ ತಂಬಿಗೆ ಕೊಡ್ತೀನಿ. ಇದೇ ಹೆಸರು ಕೊರೆಸಿ ಕೊಡ್ತೀನಿ. ಒಂದು ಕಾಸೂ ಬೇಡ."

"ಹೊಸದರಲ್ಲಿ ನಮ್ಮವ್ವ ಎಲ್ಲಿರ್ತಾಳೆ? ಅದರಲ್ಲಿ ನಿಮ್ಮ ಅಂಗಡಿ ಇರ್ತದೆ."

ಸಾಕಮ್ಮ ಜಗಳವಾಡಲಿಲ್ಲ. ಲಗ್ನಪತ್ರಿಕೆ ಕೊಟ್ಟು, "ನೀವಾದರೂ ಬನ್ನಿ" ಎಂದು ಹೊರಟಳು.

ಆ "ನೀವಾದರೂ" ಎಂಬುದು ಎರಡು ದಿನ ದೇವೀರಮ್ಮನನ್ನು ಊಟ ಮಾಡಲು ಬಿಡಲಿಲ್ಲ.

ಪ್ರತಿ ಸೋಮವಾರ ಅವಳು ಹೊಳೆದಂಡೆಯ ಆಶ್ರಮಕ್ಕೆ ಹೋಗುತ್ತಿದ್ದಳು. ಅಲ್ಲಿನ ಗುರು ಮರುಳಯ್ಯನವರು ಅವಳಿಗೆ ಓದಿ ತಂದುಕೊಡಲು ವಾರಕ್ಕೊಂದು ಪುಸ್ತಕ ಕೊಡುತ್ತಿದ್ದರು. ಈ ಸೋಮವಾರ ಅವಳ ಚೀಲದಲ್ಲಿ ಪುಸ್ತಕದ ಜೊತೆ ತಂಬಿಗೆಯೂ ಇತ್ತು.

ಎರಡನ್ನೂ ಗುರುಗಳ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು.

"ನ್ಯಾಯ ಯಾರ ಕಡೆ ಇದೆ, ನೀವೇ ಹೇಳಿ ಬುದ್ಧಿ. ಕದ್ದಿಲ್ಲ. ಕಸಕೊಂಡಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಶುಕ್ರವಾರ ಉಜ್ಜದೇ ಬಿಟ್ಟಿಲ್ಲ."

ಗುರುಗಳು ಪುಸ್ತಕವನ್ನು ಎತ್ತಿ ಅವಳ ಕಡೆಗೇ ಚಾಚಿದರು.

"ಇದನ್ನು ನೀನೇ ಇಟ್ಟುಕೋ ತಾಯಿ."

"ಬೇಡಿ ಬುದ್ಧಿ. ಓದಿ ಆಯ್ತು."

"ಹಿಡಿಸಲಿಲ್ಲವೇನು?"

"ಹಿಡಿಸದೇ ಏನು? ಎರಡು ಸಲ ಓದಿದೆ. ಹಾಳೆ ತೆಗೆಯದೇ ಹೇಳಬಲ್ಲೆ."

"ಹಾಗಾದರೆ ಇರಲಿ. ನಿನ್ನ ಹತ್ತಿರವೇ ಇರಲಿ."

"ಎದೇಲಿ ಕೂತದ್ದನ್ನ ಮನೇಲಿ ಕೂರಿಸಿಕೊಂಡು ನಾನೇನು ಮಾಡಲಿ?" ದೇವೀರಮ್ಮನಿಗೆ ರೇಗಿತು. "ಇದಕ್ಕೆ ಇನ್ಯಾರೋ ಕಾಯ್ತಿರ್ತಾರೆ..."

ಅವಳ ಕಣ್ಣು ತಂಬಿಗೆಯ ಮೇಲೆ ಬಿತ್ತು.

ಗುರುಗಳು ಪುಸ್ತಕವನ್ನು ಕೆಳಗಿಟ್ಟರು. ತಂಬಿಗೆಯ ಪಕ್ಕಕ್ಕೆ.

"ಇದು ಮೋಸ ಬುದ್ಧಿ," ಎಂದಳು ದೇವೀರಮ್ಮ. "ನನ್ನ ಬಾಯಿಂದಲೇ ಹೇಳಿಸಿದಿರಿ."

"ನಾನು ಪುಸ್ತಕದ ಮಾತಾಡಿದೆನಪ್ಪ."

"ನಿಮ್ಮ ಪುಸ್ತಕ ನೀವು ಕೊಟ್ಟಿದ್ದು. ಈ ತಂಬಿಗೆಗೆ ನಾನು ಒಂದು ತಿಂಗಳು ಅರೆಹೊಟ್ಟೇಲಿದ್ದೆ."

"ಗೊತ್ತು," ಎಂದರು ಗುರುಗಳು. "ಆದ್ದರಿಂದಲೇ ನಾನು ಕೊಡು ಅನ್ನಲಿಲ್ಲ."

ದೇವೀರಮ್ಮ ತಂಬಿಗೆ ಎತ್ತಿಕೊಂಡು ಹೊಳೆಯ ಮೆಟ್ಟಿಲಿಳಿದಳು. ಹುಣಸೆಹಣ್ಣು ತಂದಿರಲಿಲ್ಲ. ಮರಳಿನಲ್ಲೇ ಉಜ್ಜಿದಳು. ಬಹಳ ಹೊತ್ತು ಉಜ್ಜಿದಳು. ಆಮೇಲೆ ಗುರುಗಳಿಗೆ ಹೇಳದೆಯೇ ಹೋದಳು.

ಮುಂದಿನ ಸೋಮವಾರ ಬಂದಾಗ ಅವಳ ಕೈಯಲ್ಲಿ ಮದುವೆ ಮನೆಯ ತಾಂಬೂಲದ ಚೀಲವಿತ್ತು.

"ಕೊಟ್ಟೆಯೇನು?" ಎಂದರು ಗುರುಗಳು.

"ಕೊಟ್ಟೆ. ಸುಮ್ಮನೆ ಕೊಡಲಿಲ್ಲ. ಧಾರೆ ಮುಗಿಯೋವರೆಗೂ ಕಣ್ಣು ಬಿಟ್ಟು ಕಾಯ್ದೆ. ಪುರೋಹಿತ ಎಲ್ಲಾದರೂ ತಗ್ಗು ಬೀಳಿಸಿಬಿಟ್ಟಾನು ಅಂತ."

"ಬೀಳಿಸಿದನೇನು?"

"ಅವನ ಕೈಗೆ ಸಿಕ್ಕಿದ್ದರೆ ತಾನೆ? ಸಾಕಮ್ಮ ಮೊದಲು ಹಾಲು ಎರೆದಳು. ಬೀಗರು ಎರೆದರು. ಆಮೇಲೆ ಸಾಕಮ್ಮ ನನ್ನ ಕೈ ಹಿಡಿದು ಎಳಕೊಂಡು ಹೋದಳು. 'ನಮ್ಮವ್ವನ ಕಡೆಯಿಂದ ನೀವು ಎರೀರಿ' ಅಂದಳು."

ದೇವೀರಮ್ಮ ಗಾಳಿಯಲ್ಲೇ ತಂಬಿಗೆ ಬಗ್ಗಿಸಿ ಎರೆಯುವಂತೆ ಕೈ ತಿರುಗಿಸಿ ತೋರಿಸಿದಳು.

"ಇಪ್ಪತ್ತೆರಡು ವರ್ಷ ಉಜ್ಜಿದ್ದೆ ಬುದ್ಧಿ. ಬಗ್ಗಿಸಿದ್ದು ಅವತ್ತೇ ಮೊದಲು."

ಗುರುಗಳು ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದರು.

"ನೀವು ಹಣ್ಣು ತಿಂತೀರಿ. ನನ್ನ ಪಾಡು ಕೇಳಿ," ಎಂದಳು ದೇವೀರಮ್ಮ. "ಸಾಕಮ್ಮ ಊಟದ ಪಂಕ್ತೀಲಿ ನಮ್ಮನೆ ಪಾತ್ರೆಗಳ ಸುದ್ದಿ ಎಲ್ಲರಿಗೂ ಸಾರಿಬಿಟ್ಟಳು. ಎಲೆ ಮುಂದೆ ಕೂತಿದ್ದ ಮೂರು ಜನ ನಮ್ಮನೆ ದಾರಿ ಕೇಳಿದರು. ಒಬ್ಬ ಬೋರಯ್ಯನ ಮೊಮ್ಮಗ!"

"ಕದ್ದವರು ಕೆಟ್ಟರು ಅಂತ ಬರೆಸಿದವನ ಮೊಮ್ಮಗನೇ?"

"ನಗಬೇಡಿ. ಈಗ ನನ್ನ ಹತ್ತಿರ ಇರೋದು ಒಂದು ಮನೆ, ಇನ್ನೂರ ಹತ್ತು ಪಾತ್ರೆ. ಕಳಕೊಂಡಿದ್ದು ಒಂದು. ಅದೂ ಮೊದಲನೇದು. ನಾಳೆ ಇವರೆಲ್ಲ ಬಾಗಿಲಿಗೆ ಬಂದು ನಿಂತರೆ ನಾನೇನು ಮಾಡಲಿ?"

ಗುರುಗಳು ಇನ್ನರ್ಧ ಹಣ್ಣನ್ನು ಅವಳ ಕೈಗಿಟ್ಟರು.

"ಮೊದಲು ಕುಡಿಯೋಕೆ ಮಜ್ಜಿಗೆ ಕೊಡು ತಾಯಿ. ಹಲಗೆ ಮೇಲಿನ ಯಾವ ಲೋಟದಲ್ಲಿ ಅಂತ ಅವರೇ ತೋರಿಸ್ತಾರೆ."