ಒಲೆಗೆ ತಕ್ಕ ಕಲ್ಲು

“ಗುರುಗಳೇ, ನಾವು ನೋಯಿಸಿದವರ ಮುಂದೆ ಹೋಗಿ ನಿಲ್ಲುವ ಮೊದಲು ತಕ್ಕ ಮಾತನ್ನು ಹುಡುಕಿಕೊಳ್ಳುವುದು ಒಳ್ಳೆಯದಲ್ಲವೇ?” ಎಂದು ನರಹರಿ ಕೇಳಿದ.

ಅವನನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ಮಠಕ್ಕೆ ಬರುವ ದಿನ ಅವಳಿಗೆ ಆಡಬಾರದ್ದನ್ನು ಆಡಿ ಬಂದಿದ್ದ. ಕ್ಷಮೆ ಕೇಳಬೇಕೆಂದು ಒಂದು ವರ್ಷದಿಂದ ಮಾತು ಜೋಡಿಸುತ್ತಿದ್ದ. ಜೋಡಿಸಿದ್ದು ಒಂದೂ ಅವಳಿಗೆ ತಕ್ಕದ್ದು ಅನ್ನಿಸುತ್ತಿರಲಿಲ್ಲ. ಅವಳಿಗೆ ಈಚೆಗೆ ಮೈಯಲ್ಲಿ ಹುಷಾರಿಲ್ಲವೆಂದು ಸುದ್ದಿಯೂ ಬಂದಿತ್ತು. ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಹೆಂಡತಿಯೆಂದರೆ ಅವನಿಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನನ್ನು ಕಟುಕ ಅಂದುಕೊಳ್ಳಬೇಡ. ಅವರ ಅಡುಗೆಮನೆಯ ಮಣ್ಣಿನ ಒಲೆ ಹಳೆಯದು, ಹೊಗೆ ಕಾರುತ್ತಿತ್ತು. ಅವಳು ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುವುದನ್ನು ಅವನು ನೋಡಲಾರದೆ ಹೋದ. ಊರಲ್ಲಿ ಯಾರ ಮನೆಯಲ್ಲೂ ಇಲ್ಲದಂಥ ಒಲೆ ಹಾಕಿಸಿಕೊಡುತ್ತೇನೆ ಎಂದ. ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ಹಳೆಯದನ್ನು ಒಡೆಸಿದ. ಹೊಸದನ್ನು ಯಾವುದರಲ್ಲಿ ಕಟ್ಟುವುದೆಂದು ಮಾತ್ರ ಇನ್ನೂ ಗೊತ್ತುಮಾಡಿರಲಿಲ್ಲ. ಪುಣ್ಯಾತ್ಮ, ಒಡೆಯುವುದಕ್ಕಷ್ಟೇ ಮುಹೂರ್ತ ಇಡಿಸಿದ್ದ.

ಒಲೆ ಹಾಕುವ ಮುದುಕ ಬಂದು ಹುತ್ತದ ಮಣ್ಣು ಸಾಕು, ನಾಳೆ ಸಂಜೆಗೆ ಮುಗಿಸುತ್ತೇನೆ ಎಂದ. ಮತ್ತೆ ಮಣ್ಣನ್ನೇ ಹಾಕಿಸುವುದಾದರೆ ಒಡೆಸಿದ್ದು ಯಾಕೆ ಎಂದು ವ್ಯಾಪಾರಿ ಅವನನ್ನು ಕಳಿಸಿಬಿಟ್ಟ. ಇಟ್ಟಿಗೆ ತರಿಸಿ ನೋಡಿದ. ಛತ್ರದ ಒಲೆಯ ಹಾಗೆ ಕಂಡಿತು. ಹೊಳೆಯ ಕಲ್ಲು ನುಣುಪಾಗಿತ್ತು, ಬೆಂಕಿಗಿಟ್ಟಾಗ ಸಿಡಿಯಿತು. ಕರಿಕಲ್ಲು ಬಿರುಕು ಬಿಟ್ಟೀತೆಂದು ಯಾರೋ ಹೆದರಿಸಿದರು. ಕಡೆಗೆ ಬಳಪದ ಕಲ್ಲೇ ಸರಿ, ಅದು ಬಿಸಿಯನ್ನು ಹಿಡಿದಿಡುತ್ತದೆ ಎಂದು ತಿಳಿಯಿತು. ಆದರೆ ಎಲ್ಲಿಯ ಬಳಪದ ಕಲ್ಲು? ಒಂದು ಕಡೆಯದರಲ್ಲಿ ಗೆರೆ, ಇನ್ನೊಂದು ಕಡೆಯದು ಮಂಕು. ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಗಾಡಿ ಕಟ್ಟಿಕೊಂಡು ಊರೂರು ತಿರುಗಿದ. ಬಂದಾಗಲೆಲ್ಲ ಒಂದು ಕಲ್ಲಿನ ಚೂರನ್ನು ಹೆಂಡತಿಯ ಕೈಗಿಟ್ಟು ಅವಳ ಮುಖ ನೋಡುತ್ತಿದ್ದ. ಅವಳು ಚೆನ್ನಾಗಿದೆ ಅನ್ನುತ್ತಿದ್ದಳು. ಎಲ್ಲದಕ್ಕೂ ಹಾಗೆಯೇ ಅನ್ನುತ್ತಾಳಲ್ಲ ಎಂದು ಅವನಿಗೆ ಸಮಾಧಾನವಾಗುತ್ತಿರಲಿಲ್ಲ.

ಅಷ್ಟು ದಿನವೂ ಅವಳ ಅಡುಗೆ ಹಿತ್ತಿಲಿನ ಸೂರಿನ ಕೆಳಗೆ, ಮೂರು ಕಲ್ಲಿನ ಮೇಲೆ. ಮಳೆಯಲ್ಲಿ ಬೆನ್ನು ನೆನೆಯುತ್ತಿತ್ತು. ಒಳಗೆ ಬಂದರೆ ಮೈ ಕಾಯಿಸಿಕೊಳ್ಳಲು ಬೆಂಕಿಯಿಲ್ಲ. ಕೆಮ್ಮು ಹತ್ತಿಕೊಂಡಿತು. ಪುಷ್ಯದ ಚಳಿಯಲ್ಲಿ ಜ್ವರ ಬಂದು ಮಲಗಿದಳು. ವೈದ್ಯರು ಬಂದು, ಔಷಧಿಗಿಂತ ಮೊದಲು ಮನೆ ಬೆಚ್ಚಗಿರಲಿ ಎಂದು ಹೇಳಿ ಹೋದರು. ಪಕ್ಕದ ಮನೆಯವರು ಒಂದು ಅಗ್ಗಿಷ್ಟಿಕೆ ಕೆಂಡ ತಂದಿಟ್ಟರು. ಅದು ಬೆಳಗಿನವರೆಗೆ ಉಳಿಯಲಿಲ್ಲ.

ಮಾರನೆಯ ದಿನ ವ್ಯಾಪಾರಿ ಮತ್ತೆ ಗಾಡಿ ಕಟ್ಟುತ್ತಿದ್ದ. ಅವಳು ಒಳಗಿನಿಂದ ಕರೆದಳು.

“ಹುತ್ತದ ಮಣ್ಣು ತರಿಸಿಕೊಡಿ. ಹೇಗೋ ಎದ್ದು ನಾನೇ ಮೆತ್ತಿಕೊಳ್ಳುತ್ತೇನೆ. ಒಳಗೊಂದಿಷ್ಟು ಬೆಂಕಿ ಉರಿದರೆ ನನಗೆ ಸಾಕು.”

“ಇಷ್ಟು ದಿನ ತಡೆದಿದ್ದೀಯ, ಇನ್ನೊಂದು ವಾರ ತಡೆದುಕೋ” ಎಂದ ಅವನು. “ನಿನಗೆ ಎಂಥದೋ ಒಂದು ಹಾಕಿಸಿಕೊಡಲು ನನಗೆ ಮನಸ್ಸು ಬರುವುದಿಲ್ಲ.”

ಅವಳು ಮತ್ತೆ ಕೇಳಲಿಲ್ಲ.

ಆ ವಾರ ಕಲ್ಲು ಸಿಕ್ಕಿತು. ಗೆರೆಯಿಲ್ಲ, ಮಂಕಿಲ್ಲ, ಮುಟ್ಟಿದರೆ ಬೆಣ್ಣೆಯ ಹಾಗೆ. ಅದನ್ನು ಗಾಡಿಗೆ ಹೇರಿಕೊಂಡು ಅವನು ಬೀದಿಯ ತಿರುವಿಗೆ ಬಂದಾಗ ಮನೆಯ ಮುಂದೆ ಜನ ನಿಂತಿದ್ದರು.

ಸ್ಮಶಾನಕ್ಕೆ ಮಡಕೆಯಲ್ಲಿ ಒಯ್ಯುವ ಬೆಂಕಿಯನ್ನು ಸತ್ತವರ ಮನೆಯ ಒಲೆಯಿಂದಲೇ ತೆಗೆಯಬೇಕು. ಅದು ಆ ಊರಿನ ಪದ್ಧತಿ. ಹಿರಿಯರೊಬ್ಬರು ಮಡಕೆ ಹಿಡಿದು ಅಡುಗೆಮನೆಗೆ ಹೋದರು, ಹಾಗೆಯೇ ಹೊರಗೆ ಬಂದರು. ಹಿತ್ತಿಲಿಗೆ ಹೋದರು. ಮೂರು ಕಲ್ಲುಗಳ ನಡುವೆ ಇಬ್ಬನಿಗೆ ನೆನೆದ ಬೂದಿ ಇತ್ತು. ಕೊನೆಗೆ ಪಕ್ಕದ ಮನೆಯ ಕೆಂಡವನ್ನು ಕೇಳಿ ತಂದರು. ವ್ಯಾಪಾರಿ ಆ ಮಡಕೆಯನ್ನು ಹಿಡಿದು ಮುಂದೆ ನಡೆದ. ಇನ್ನೊಬ್ಬರ ಮನೆಯ ಬೆಂಕಿಯಲ್ಲಿ ಅವಳನ್ನು ಸುಟ್ಟು ಬಂದ.

ಮೂರನೆಯ ದಿನ ಕಲ್ಲುಕುಟಿಗ ಬಂದು, ಒಲೆ ಕೂರಿಸಲೇ ಎಂದು ಕೇಳಿದ. ಊಟ ತಂದಿದ್ದ ಪಕ್ಕದ ಮನೆಯಾಕೆಯೇ ಉತ್ತರ ಕೊಟ್ಟಳು. ಸೂತಕದ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಹತ್ತು ದಿನ ಕಳೆಯಲಿ ಎಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನರಹರಿಗೆ ಆ ಮನುಷ್ಯನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ:

“ಹತ್ತು ದಿನದ ಸೂತಕ ಕಳೆದ ಮೇಲಾದರೂ ಆ ಒಲೆ ಉರಿಯಿತೇ?”

ಗುರುಗಳು ಅವನ ಮುಖ ನೋಡಿದರು.

“ಒಲೆ ಹಚ್ಚದಿರುವುದೇ ಸೂತಕವಾದರೆ, ಆ ಮನೆಗೆ ಸೂತಕ ಬಂದದ್ದು ಯಾವ ದಿನ?”