ಗಾಣದ ತಾಯಿಯವರ ಒಲೆಯ ಕೆಂಡ

ಕೆಂಡ ಒಯ್ಯುವ ಆ ಮಣ್ಣಿನ ಪಾತ್ರೆಗೆ ನಮ್ಮೂರಲ್ಲಿ ಏನೆನ್ನುತ್ತಿದ್ದರು? ಅಗ್ಗಿಟಿ... ಅಗ್ಗಟಿಗೆ... ಈ ಸೂರತ್ತಿನಲ್ಲಿ ಗ್ಯಾಸ್ ಒಲೆಯ ಮುಂದೆ ಇಷ್ಟು ವರ್ಷ ಕಳೆದ ಮೇಲೆ ನಾಲಿಗೆಗೆ ಅರ್ಧವೇ ಬರುತ್ತದೆ. ಹಾಂ, ಅಗ್ಗಿಷ್ಟಿಗೆ. ಪೂಜ್ಯ ಗಾಣದ ತಾಯಿಯವರ ವಿಷಯ ಹೇಳಲು ಮೊದಲು ಬೇಕಾಗುವುದು ಅದೇ.

ತಾಯಿಯವರು ವಾಸವಾಗಿದ್ದುದು ಊರಾಚೆಯ ಪಾಳುಬಿದ್ದ ಎಣ್ಣೆಗಾಣದ ಕೊಟ್ಟಿಗೆಯಲ್ಲಿ. ಎತ್ತು ಸುತ್ತಿ ಸುತ್ತಿ ಸವೆದ ನೆಲದ ಗುಂಡನೆಯ ತಗ್ಗಿನಲ್ಲೇ ಗೋಣಿತಾಟು ಹಾಸಿ ಮಲಗುತ್ತಿದ್ದರು. ಅವರ ಒಲೆ ಆರಿದ್ದನ್ನು ಕಂಡವರಿಲ್ಲ. ಊರಲ್ಲಿ ಯಾರು ಹೊಸ ಮನೆ ಕಟ್ಟಿದರೂ ಮೊದಲ ಬೆಂಕಿ ಅಲ್ಲಿಂದಲೇ ಬರಬೇಕು. ಆ ಕೆಂಡವನ್ನು ಹೊಸ ಒಲೆಗಿಟ್ಟು ಊದಿ ಉರಿ ಎಬ್ಬಿಸಿದವಳೇ ಆ ಮನೆಯ ಒಡತಿ. ಈ ಪದ್ಧತಿಯನ್ನು ಯಾರೂ ಮೀರುತ್ತಿರಲಿಲ್ಲ.

ತಾಯಿಯವರ ಸೇವೆಗೆ ನಿಂತವಳು ಸಂಗವ್ವ, ಮಕ್ಕಳಿಲ್ಲದವಳು, ಅನುಕೂಲಸ್ಥೆ. ಕಸ ಗುಡಿಸುವುದು, ನೀರು ತರುವುದು ಎಲ್ಲ ಅವಳೇ. ಬೇರೆಯವರು ಪೊರಕೆ ಮುಟ್ಟಿದರೂ ಸಹಿಸಳು. ತನ್ನ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಿ ತಾಯಿಯವರನ್ನು ಕರೆದೊಯ್ಯಬೇಕೆಂಬುದೇ ಅವಳ ಆಸೆ.

ಆ ಕೋಣೆಗೆ ಮಾಳಿಗೆ ಹೊದಿಸುವ ಹೊತ್ತಿಗೆ ದ್ಯಾಮವ್ವ ಬಂದಳು. ಗಂಡ ಸತ್ತ ಮೇಲೆ ಮೈದುನರು ಅವಳನ್ನು ಹೊರಹಾಕಿ ಮನೆಗೆ ಬೀಗ ಹಾಕಿದ್ದರು. ಮಗಳನ್ನು ಕಟ್ಟಿಕೊಂಡು ಕಣದ ಬಣವೆಯ ಮಗ್ಗುಲಲ್ಲಿ ಮಲಗಿದಳು, ಎಬ್ಬಿಸಿದರು. ಚಾವಡಿಯ ಕಟ್ಟೆಯಿಂದಲೂ, ಸಂತೆಯ ತಗಡಿನ ಮಾಡಿನಿಂದಲೂ ಎಬ್ಬಿಸಿದರು. ಊರವರು ರೊಟ್ಟಿ ಕೊಟ್ಟರು, ಜಾಗ ಕೊಡಲಿಲ್ಲ. ತಾಯಿಯವರು ತಾವು ಮಲಗುವ ತಗ್ಗನ್ನೇ ಅವರಿಬ್ಬರಿಗೆ ಬಿಟ್ಟುಕೊಟ್ಟರು.

ಒಂದು ಬೆಳಿಗ್ಗೆ ಸಂಗವ್ವ ನೀರು ಹೊತ್ತು ಬಂದಾಗ ತಾಯಿಯವರು ಆ ಹುಡುಗಿಯ ತಲೆ ಬಾಚುತ್ತಿದ್ದರು. ಕೊಡ ಇಳಿಸುವುದನ್ನೂ ಮರೆತು ನಿಂತಳಂತೆ. ಇಷ್ಟು ಕಾಲ ಸೇವೆ ಮಾಡಿದರೂ ತಾಯಿಯವರ ಕೈ ತನ್ನ ತಲೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಅಂದಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಬಾವಿಯ ಹತ್ತಿರ ಸಿಕ್ಕವರ ಮುಂದೆಲ್ಲ ಅದೇ ಮಾತು: "ನಿನ್ನೆ ಬಂದಾಕಿ ಒಲಿ ಮುಂದ ಕುಂತಾಳ. ನಾ ಇನ್ನೂ ಕಸಬರಿಗಿ ಹಿಡಕೊಂಡ ಬಾಗಲದಾಗ ಅದೀನಿ."

"ನಿನ್ನ ಹೊಟ್ಟಿಕಿಚ್ಚಿಗೆ ಹಗ್ಗ ಸುಟ್ಟೀತ ಸಂಗಕ್ಕ, ದೂರ ನಿಂತ ಸೇದು" ಎಂದು ಹೆಂಗಸರು ನಗುತ್ತಿದ್ದರು.

ತಾಯಿಯವರು ತನ್ನ ಕೋಣೆಗೆ ಬಂದುಬಿಟ್ಟರೆ ಆ ತಾಯಿ ಮಗಳು ತಾವಾಗಿಯೇ ದಾರಿ ಹಿಡಿಯುತ್ತಾರೆಂದು ಎಣಿಸಿ, ಸಂಗವ್ವ ಕೆಲಸ ಬೇಗ ಮುಗಿಸಿದಳು.

ಪ್ರವೇಶದ ದಿನ ಮಾಗಿಯ ಚಳಿ. ತಾಯಿಯವರು ಬಂದರು, ಅವರ ಹಿಂದೆ ಅಗ್ಗಿಷ್ಟಿಗೆ ಹಿಡಿದು ದ್ಯಾಮವ್ವ, ಅವಳ ಸೆರಗು ಹಿಡಿದು ಮಗಳು. ಸಂಗವ್ವ ಹೊಸ್ತಿಲಲ್ಲೇ ಅಗ್ಗಿಷ್ಟಿಗೆಯನ್ನು ಕಸಿದುಕೊಂಡು, ತಾಯಿಯವರು ಒಬ್ಬರೇ ಒಳಗೆ ಬಂದು ಊದಲಿ, ಉಳಿದವರು ಅಂಗಳದಲ್ಲೇ ಇರಲಿ ಎಂದಳು.

ತಾಯಿಯವರು ಹೊಸ್ತಿಲು ದಾಟಲಿಲ್ಲ. ದ್ಯಾಮವ್ವನ ಪಕ್ಕ ಬರಿ ನೆಲದ ಮೇಲೆ ಕುಳಿತರು.

"ಸಂಗವ್ವ, ಮನಿ ಇದ್ದಾಕಿಗೆ ಮನಿ ಕಟ್ಟಿಸೀದಿ."

"ಆ ಗಾಣದ ಕೊಟ್ಟಿಗಿ ಒಂದ ಮನಿ ಏನ್ರೀ ತಾಯಿ?"

"ಅಲ್ಲಿಂದ ನನ್ನ ಯಾರೂ ಏಳು ಅಂದಿಲ್ಲವ್ವ."

ಸಂಗವ್ವನ ಕೈಯಲ್ಲಿ ಕೆಂಡ ಬೂದಿ ಹೊದ್ದುಕೊಳ್ಳುತ್ತಿತ್ತು. ತಾನೇ ಊದಿದರೆ ಕೋಣೆ ತನ್ನದಾದೀತು, ತಾಯಿಯವರು ಬಾರರು. ಸುಮ್ಮನಿದ್ದರೆ ಬೆಂಕಿ ಆರುತ್ತದೆ. ಅಷ್ಟರಲ್ಲಿ ಆ ಹುಡುಗಿ ಚಳಿ ತಾಳದೆ ಎದ್ದು ಬಂದು, ದಿನವೂ ಒಲೆಯ ಮುಂದೆ ಮಾಡುವಂತೆ, ಅವಳ ಕೈಯಲ್ಲಿದ್ದ ಅಗ್ಗಿಷ್ಟಿಗೆಗೆ ಎರಡೂ ಅಂಗೈ ಒಡ್ಡಿ ನಿಂತಳು. ಸಂಗವ್ವ ಕೆಳಗೆ ನೋಡಿದಳು. ತಾಯಿಯವರು ತೆಗೆದ ಬೈತಲೆ ನೇರವಾಗಿ ಕಂಡಿತು. ತುಸು ಹೊತ್ತು ಅದನ್ನೇ ನೋಡಿದಳು. ಆಮೇಲೆ ಅದರ ಮೇಲೆ ಮೆಲ್ಲಗೆ ತನ್ನ ಕೈಯಿಟ್ಟಳು.

"ಒಳಗ ಬಾ ದ್ಯಾಮವ್ವ," ಎಂದಳು. "ಆರೂದ್ರೊಳಗ ನೀನ ಊದು."

ದ್ಯಾಮವ್ವ ಊದಿದಳು. ಉರಿ ಎದ್ದಿತು. ತಾಯಿಯವರು ಗಾಣದ ಕೊಟ್ಟಿಗೆಯ ಕಡೆ ಹೊರಟವರು ತಿರುಗಿ, "ಸಂಗವ್ವ, ನಾಳೆ ಕಸಬರಿಗಿ ಬ್ಯಾಡ, ಬಾಚಣಿಗಿ ತಗೊಂಡ ಬಾ. ನಿನ್ನ ತಲಿ ಭಾಳ ಕೆದರೇತಿ" ಎಂದರು.

ಆ ಬಳಿಕ ಬಣವೆಯ ಮಗ್ಗುಲಲ್ಲೋ ಚಾವಡಿಯ ಕಟ್ಟೆಯ ಮೇಲೋ ಮಲಗಿದವರನ್ನು ಕಂಡರೆ ಸಂಗವ್ವ ತಾನೇ ಕೈಹಿಡಿದು ಕರೆತರುತ್ತಿದ್ದಳು. ಅವಳ ಹಿತ್ತಲಲ್ಲಿ ಗೋಡೆಗೆ ಗೋಡೆ ಕೂಡಿಸಿ ಇನ್ನಷ್ಟು ಕೋಣೆಗಳು ಎದ್ದವು. ಪ್ರತಿ ಒಲೆಗೂ ಕೆಂಡ ತಂದವಳು ಅವಳೇ; ಒಂದನ್ನೂ ತಾನು ಊದಲಿಲ್ಲ.

ತಾಯಿಯವರು ತಲೆ ಬಾಚಿದ ಆ ಹುಡುಗಿ ನನ್ನವ್ವ. ನಾನು ಹುಟ್ಟಿದ್ದು ಆ ಮೊದಲ ಕೋಣೆಯಲ್ಲಿ.

ಪಾರಿಜಾತಾ, ಇಷ್ಟು ಹೊತ್ತು ಪಕ್ಕದಲ್ಲಿ ಕೂತು ಕೇಳಿದೆಯಲ್ಲ, ನಿನಗೆ ನಮ್ಮ ಅಕ್ಷರ ಬರುತ್ತವಲ್ಲ, ಪೆನ್ನು ತಾ ಮಗಾ. ಇದನ್ನೆಲ್ಲ ಬರೆದಿಡು. ತಾಯಿಯವರ ಹೆಸರಿನ ಕೆಳಗೆ ಸಂಗವ್ವನ ಹೆಸರನ್ನೂ ಬರಿ.